ಚಂದ್ರನನ್ನು ಅಳೆಯಲು ಬಿಡುವ ನಕ್ಷೆ: ಕ್ವಿಕ್‌ಮ್ಯಾಪ್

ಚಂದ್ರನ ಚೆಂದದ ಫೋಟೋಗಳು ಈಗ ಎಲ್ಲಿ ಬೇಕಾದರೂ ಸಿಗುತ್ತವೆ. ನೋಡಿ ಖುಷಿಪಟ್ಟು ಮುಂದೆ ಹೋಗಬಹುದು. ಆದರೆ ನಾನು ಹೈಸ್ಕೂಲಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಮಕ್ಕಳಿಗೆ ಚಂದ್ರನ ಕುಳಿಯ ಚಿತ್ರ ತೋರಿಸಿದರೆ ಮೊದಲ ಪ್ರಶ್ನೆಯೇ "ಎಷ್ಟು ಆಳ ಇದೆ ಮಿಸ್?" ಅಂತ. ಅದಕ್ಕೆ ಪುಸ್ತಕ ಹುಡುಕದೆ, ಅವರ ಕಣ್ಣೆದುರೇ ಉತ್ತರ ತೆಗೆಯಲು ನನಗೆ ಸಿಕ್ಕ ಸಾಧನ ಎಲ್‌ಆರ್‌ಒಸಿ ಕ್ವಿಕ್‌ಮ್ಯಾಪ್. ಬ್ರೌಸರಿನಲ್ಲೇ ತೆರೆದುಕೊಳ್ಳುವ ಚಂದ್ರನ ನಕ್ಷೆ ಇದು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ.

ಇದರ ಹಿಂದೆ ಇರುವುದು 2009ರ ಜೂನ್‌ನಲ್ಲಿ ನಾಸಾ ಕಳಿಸಿದ ಲೂನಾರ್ ರಿಕನೈಸನ್ಸ್ ಆರ್ಬಿಟರ್ ನೌಕೆ. ಎಲ್‌ಆರ್‌ಒಸಿ ಎಂದರೆ ಅದರ ಕ್ಯಾಮೆರಾ ವ್ಯವಸ್ಥೆ. ಅದರ ಮೂರು ಕ್ಯಾಮೆರಾಗಳಲ್ಲಿ ಒಂದು ಇಡೀ ಚಂದ್ರನನ್ನು ಅಗಲವಾಗಿ ನೋಡುತ್ತದೆ, ಚಿತ್ರದ ಒಂದು ಚುಕ್ಕೆಗೆ (ಪಿಕ್ಸೆಲ್) ಸುಮಾರು 100 ಮೀಟರ್ ಲೆಕ್ಕದಲ್ಲಿ. ಉಳಿದೆರಡು ಸಣ್ಣ ಜಾಗವನ್ನು ಹತ್ತಿರದಿಂದ ನೋಡುತ್ತವೆ. 50 ಕಿಲೋಮೀಟರ್ ಎತ್ತರದಿಂದ ಇವುಗಳ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಅರ್ಧ ಮೀಟರ್. ಇವು ಫೋನಿನ ಕ್ಯಾಮೆರಾದಂತೆ ಒಂದೇ ಸಲಕ್ಕೆ ಚಿತ್ರ ತೆಗೆಯುವುದಿಲ್ಲ. ಒಂದು ಸಾಲು, ಅದರ ಪಕ್ಕ ಇನ್ನೊಂದು ಸಾಲು. ನೌಕೆ ಸೆಕೆಂಡಿಗೆ ಸುಮಾರು 1.6 ಕಿಲೋಮೀಟರ್ ಓಡುತ್ತಿರುವಾಗ ಆ ಸಾಲುಗಳೇ ಸೇರಿ ಚಿತ್ರವಾಗುತ್ತವೆ. ನಕ್ಷೆಯಲ್ಲಿ ಹತ್ತಿರಕ್ಕೆ ಹೋದಾಗ ಉದ್ದುದ್ದ ಪಟ್ಟಿಗಳು ಕಾಣುವುದು ಇದಕ್ಕೇ. ಒಂದು ಪಟ್ಟಿ ಬೆಳ್ಳಗೆ, ಪಕ್ಕದ್ದು ಕಪ್ಪಗೆ ಇದ್ದರೆ ಗಾಬರಿ ಬೇಡ. ತೆಗೆದ ಹೊತ್ತು ಬೇರೆ, ಬಿಸಿಲಿನ ಕೋನ ಬೇರೆ, ಅಷ್ಟೇ.

ನನಗೆ ಅತಿ ಇಷ್ಟವಾದದ್ದು ಗೆರೆ ಎಳೆಯುವ ಸೌಲಭ್ಯ. ನಕ್ಷೆಯ ಮೇಲೆ ಎರಡು ಕಡೆ ಕ್ಲಿಕ್ ಮಾಡಿ ಗೆರೆ ಎಳೆದರೆ ಆ ದಾರಿಯ ಏರಿಳಿತದ ಗ್ರಾಫ್ ಬಂದುಬಿಡುತ್ತದೆ. ತರಗತಿಯಲ್ಲಿ ನಾನು ಯಾವಾಗಲೂ ತೆರೆಯುವುದು ದಕ್ಷಿಣ ಧ್ರುವದ ಶ್ಯಾಕಲ್‌ಟನ್ ಕುಳಿ. ಮೊದಲು ನಕ್ಷೆಯನ್ನು ಧ್ರುವದ ನೋಟಕ್ಕೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಅಲ್ಲಿ ಎಲ್ಲವೂ ಅಡ್ಡಡ್ಡ ಎಳೆದಂತೆ ಕಾಣುತ್ತದೆ. ಚಿತ್ರದಲ್ಲಿ ಕುಳಿಯ ತಳ ಕಗ್ಗತ್ತಲು. ಅಲ್ಲಿಗೆ ಸೂರ್ಯನ ಬೆಳಕು ನೇರವಾಗಿ ಬೀಳುವುದೇ ಇಲ್ಲ. ಆದರೂ ಗೆರೆ ಎಳೆದರೆ ಗ್ರಾಫ್ ಬರುತ್ತದೆ: ಅಂಚಿನಿಂದ ಅಂಚಿಗೆ ಸುಮಾರು 21 ಕಿಲೋಮೀಟರ್, ಆಳ 4 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ.

ಕತ್ತಲಲ್ಲಿ ಈ ಅಳತೆ ಹೇಗೆ ಸಿಕ್ಕಿತು? ಮಕ್ಕಳು ಇಲ್ಲಿ ನಿಜವಾಗಿ ಕಿವಿ ನಿಮಿರಿಸುತ್ತಾರೆ. ನೌಕೆಯಲ್ಲಿ ಲೋಲಾ ಎಂಬ ಲೇಸರ್ ಉಪಕರಣ ಇದೆ. ಅದು ಸೂರ್ಯನಿಗಾಗಿ ಕಾಯುವುದಿಲ್ಲ, ತನ್ನ ಬೆಳಕನ್ನು ತಾನೇ ತಂದಿದೆ. ಒಂದು ಲೇಸರ್ ಮಿಂಚನ್ನು ಐದು ಎಳೆಗಳಾಗಿ ಸೀಳಿ, ಸೆಕೆಂಡಿಗೆ 28 ಸಲ ನೆಲಕ್ಕೆ ಹೊಡೆಯುತ್ತದೆ. ಬೆಳಕು ಹೋಗಿ ಬರಲು ಹಿಡಿದ ಹೊತ್ತೇ ದೂರದ ಲೆಕ್ಕ. 50 ಕಿಲೋಮೀಟರ್ ಎತ್ತರದಿಂದ ಹೋಗಿ ಬರಲು ಸೆಕೆಂಡಿನ ಮೂರು ಸಾವಿರದಲ್ಲಿ ಒಂದು ಪಾಲು ಸಾಕು. ನೆಲ 10 ಸೆಂಟಿಮೀಟರ್ ಮೇಲೆ ಕೆಳಗೆ ಆದರೆ ಆ ಹೊತ್ತಿನಲ್ಲಿ ಬರುವ ವ್ಯತ್ಯಾಸ ಒಂದು ನ್ಯಾನೋಸೆಕೆಂಡಿಗಿಂತಲೂ ಕಡಿಮೆ. ಈ ಲೆಕ್ಕವನ್ನು ಒಂಬತ್ತನೇ ಕ್ಲಾಸಿನ ಹುಡುಗಿ ತಾನೇ ಬೋರ್ಡಿನ ಮೇಲೆ ಮಾಡಬಹುದು. ನಾನು ಕ್ವಿಕ್‌ಮ್ಯಾಪ್‌ಗೆ ಇಷ್ಟು ಅಂಟಿಕೊಂಡಿರುವುದು ಇದಕ್ಕೇ.

ಒಂದು ಎಚ್ಚರಿಕೆ ಮಾತ್ರ ಇರಲಿ. ಗ್ರಾಫ್ ಪರದೆಗೆ ಹೊಂದುವಂತೆ ಎತ್ತರವನ್ನು ಹಿಗ್ಗಿಸಿ ತೋರಿಸುತ್ತದೆ. ಅದನ್ನು ನೋಡಿದರೆ ಶ್ಯಾಕಲ್‌ಟನ್ ಪಾತಾಳದ ಬಾವಿಯಂತೆ ಕಾಣುತ್ತದೆ. ಎರಡೂ ಅಕ್ಷಗಳ ಸಂಖ್ಯೆ ಓದಿಸಿ, ಗ್ರಾಫ್ ಹಾಳೆಯಲ್ಲಿ ಒಂದೇ ಅಳತೆಯಲ್ಲಿ ಮತ್ತೆ ಬರೆಸಿ. ಆಳದ ಐದು ಪಟ್ಟು ಅಗಲ ಇರುವ ಬೋಗುಣಿ ಅದು ಎಂದು ಆಗ ಗೊತ್ತಾಗುತ್ತದೆ. ಗೋಡೆಗಳ ಇಳಿಜಾರು ಸುಮಾರು 30 ಡಿಗ್ರಿ.

ಹತ್ತಿರದಿಂದ ನೋಡಲು ಅಪೊಲೊ 17 ಇಳಿದ ಟಾರಸ್-ಲಿಟ್ರೋ ಕಣಿವೆಗೆ ಹೋಗಿ. ಇಳಿದ ನೌಕೆಯ ಕೆಳಭಾಗ ಅಲ್ಲೇ ಇದೆ. ಅದರ ಸುತ್ತ ಗಗನಯಾತ್ರಿಗಳು ನಡೆದ ಜಾಗ ಸ್ವಲ್ಪ ಕಪ್ಪಗೆ. 2011ರಲ್ಲಿ ಆರ್ಬಿಟರ್ ನೌಕೆಯನ್ನು ಇನ್ನೂ ಕೆಳಕ್ಕೆ ಇಳಿಸಿ ತೆಗೆದ ಚಿತ್ರಗಳಲ್ಲಿ ರೋವರ್ ಚಕ್ರದ ಜೋಡಿ ಗೆರೆಗಳೂ ಕಾಣುತ್ತವೆ. ಅದೇ ಜಾಗದ ಬೆಳಗಿನ ಚಿತ್ರ, ನಡುಹಗಲಿನ ಚಿತ್ರ ಎರಡನ್ನೂ ನೋಡಿ. ಬಿಸಿಲು ಓರೆಯಾಗಿದ್ದಾಗ ನೆರಳು ಉದ್ದ, ಉಬ್ಬುತಗ್ಗು ಎದ್ದು ಕಾಣುತ್ತದೆ. ನೆತ್ತಿಯ ಮೇಲಿದ್ದಾಗ ನೆರಳು ಮಾಯ, ಮಣ್ಣಿನ ಬಣ್ಣದ ವ್ಯತ್ಯಾಸ ಮುಂದೆ ಬರುತ್ತದೆ.

ಇನ್ನು ಕೊರತೆಗಳು. ನಕ್ಷೆಯ ಮೇಲೆ ಬೇಕಾದ ಮಾಹಿತಿ ಹೊದಿಸುವ ಪದರಗಳ (ಲೇಯರ್) ಪಟ್ಟಿ ತೀರಾ ಉದ್ದ, ಹೆಸರುಗಳು ಸಂಶೋಧಕರಿಗೆ ಮಾತ್ರ ಅರ್ಥವಾಗುವಂಥವು. ಹೊಸಬರು ಅಲ್ಲೇ ಸುಸ್ತಾಗಿ ಬಿಟ್ಟುಹೋಗುತ್ತಾರೆ. ಎತ್ತರದ ನಕ್ಷೆಯ ಚುಕ್ಕೆಗಳು ಬಹುತೇಕ ಕಡೆ ಹತ್ತಾರು ಮೀಟರ್ ಅಗಲದವು. ಹಾಗಾಗಿ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಸಣ್ಣ ಕುಳಿಗೆ ಗೆರೆ ಎಳೆದರೆ ಗ್ರಾಫ್ ಸಪಾಟಾಗಿ ಬರುತ್ತದೆ. ದೊಡ್ಡ ಕುಳಿಗಳಿಗೆ ನಂಬಿ, ಸಣ್ಣವಕ್ಕೆ ನೆರಳಿನ ಉದ್ದದಿಂದ ಲೆಕ್ಕ ಹಾಕಿ. ಉತ್ತರದ ಕಡೆಯ ಹೊಸ ಚಿತ್ರಗಳು ಅಷ್ಟು ಸೂಕ್ಷ್ಮವಾಗಿಲ್ಲ. 2011ರ ಡಿಸೆಂಬರ್‌ನಲ್ಲಿ ಇಂಧನ ಉಳಿಸಲು ನೌಕೆಯನ್ನು ಮೊಟ್ಟೆಯಾಕಾರದ ಕಕ್ಷೆಗೆ ಸರಿಸಿದರು. ಅದು ದಕ್ಷಿಣ ಧ್ರುವದ ಬಳಿ ತಗ್ಗಿ, ಉತ್ತರದಲ್ಲಿ ಮೇಲಕ್ಕೆ ಹೋಗುತ್ತದೆ. ಇದನ್ನು ದೂರುವ ಹಾಗಿಲ್ಲ. ಹಾಗೆ ಮಾಡಿದ್ದರಿಂದಲೇ ನೌಕೆ ಇಷ್ಟು ವರ್ಷ ಬಾಳಿದೆ, ಅಲ್ವಾ? ಫೋನಿನಲ್ಲಿ ತೆರೆಯಬಹುದು, ಆದರೆ ಬೆರಳಲ್ಲಿ ಸರಿಯಾಗಿ ಗೆರೆ ಎಳೆಯೋದು ಕಷ್ಟ.

ಈ ಕ್ಯಾಮೆರಾದ ಚಿತ್ರಗಳು ಎಲ್ಲರಿಗೂ ತೆರೆದಿರುವುದು ದೊಡ್ಡ ಮಾತು. 2019ರಲ್ಲಿ ಚಂದ್ರಯಾನ-2ರ ವಿಕ್ರಮ್ ಬಿದ್ದ ಮೇಲೆ, ಷಣ್ಮುಗ ಸುಬ್ರಮಣಿಯನ್ ಎಂಬ ಎಂಜಿನಿಯರ್ ಹಳೆಯ ಚಿತ್ರ, ಹೊಸ ಚಿತ್ರ ಹೋಲಿಸಿ ನೋಡಿ ಅದರ ಚೂರೊಂದನ್ನು ಗುರುತಿಸಿದರು. ಆಮೇಲೆ ಕ್ಯಾಮೆರಾ ತಂಡ ಅದನ್ನು ಖಚಿತಪಡಿಸಿ ಅವರ ಹೆಸರು ಹೇಳಿತು. ಸಂಶೋಧನಾ ಸಂಸ್ಥೆಯಲ್ಲಿ ಇಲ್ಲದವರಿಗೂ ಇಂಥ ಕೆಲಸ ಸಾಧ್ಯವಾಗಿದ್ದು ಚಿತ್ರಗಳನ್ನು ಮುಚ್ಚಿಡದೆ ಹೊರಗಿಟ್ಟಿದ್ದರಿಂದ.

ಮೊದಲ ಸಲ ತೆರೆಯುವವರು ಎಲ್ಲ ಪದರ ಒಟ್ಟಿಗೆ ಹಾಕಬೇಡಿ. ಊರಿನ ಹೆಸರಿನಂತೆ ಕುಳಿಗಳ ಹೆಸರು ತೋರಿಸುವ ಪದರ ಒಂದನ್ನು ಹಾಕಿ, ಟೈಕೋ ಎಂದು ಹುಡುಕಿ, ನಡುವಿನ ಶಿಖರದ ಮೇಲೆ ಹಾದುಹೋಗುವಂತೆ ಗೆರೆ ಎಳೆಯಿರಿ. 85 ಕಿಲೋಮೀಟರ್ ಅಗಲದ ಕುಳಿ, ಮಧ್ಯೆ ಸುಮಾರು 2 ಕಿಲೋಮೀಟರ್ ಎತ್ತರದ ಶಿಖರ. ಆ ಶಿಖರದ ತುದಿಯ ಮೇಲೆ 100 ಮೀಟರಿಗೂ ಜಾಸ್ತಿ ಅಗಲದ ಬಂಡೆಯೊಂದು ಕೂತಿದೆ, ಹತ್ತಿರದ ಚಿತ್ರದಲ್ಲಿ ಅದನ್ನೂ ಹುಡುಕಿ ನೋಡಿ.