ಅಥಣಿಯ ಚಪ್ಪಲಿ, ಜಿನೀವಾದ ಪಾಠ

ವಕೀಲರಿಗೆಂದು ಹೊರದೇಶಗಳಲ್ಲಿ ನಡೆಯುವ ತರಬೇತಿಗಳ ಪೈಕಿ, ಬೆಳಗಾವಿಯ ಜಿಲ್ಲಾ ನ್ಯಾಯಾಲಯದಲ್ಲಿ ವಕಾಲತ್ತು ನಡೆಸುವವರ ಕೈಗೆಟಕುವಂಥದ್ದು ಯಾವುದು ಎಂದು ಕಿರಿಯರು ಆಗಾಗ ಕೇಳುತ್ತಾರೆ. ನಾನು ಮೊದಲು ಹೇಳುವ ಹೆಸರು ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ, ಅಂದರೆ ವೈಪೋದ, ಡಿಎಲ್-101 ಎಂಬ ದೂರಶಿಕ್ಷಣ ಕೋರ್ಸಿನದು. ಅದಕ್ಕೆ ಶುಲ್ಕವಿಲ್ಲ, ವೀಸಾ ಬೇಕಿಲ್ಲ, ವಾಯಿದೆಗಳನ್ನು ಮುಂದೂಡಿಸುವ ಪ್ರಮೇಯವೂ ಇಲ್ಲ.

ಈ ಭಾಗದ ವಕೀಲರಿಗೆ ಬೌದ್ಧಿಕ ಆಸ್ತಿಯ ಗೊಡವೆ ಏಕೆ ಎನ್ನುವವರಿಗೆ ನಮ್ಮ ಅಥಣಿಯಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಯೇ ಉತ್ತರ. 2019ರಲ್ಲಿ ಅದಕ್ಕೆ ದೊರೆತ ಜಿಐ, ಅಂದರೆ ಒಂದು ಪ್ರದೇಶದ ವಿಶಿಷ್ಟ ವಸ್ತುವಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕದ, ನೋಂದಣಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳೂ ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಅದೇ ಬಗೆಯ ಚಪ್ಪಲಿಯನ್ನು ತೋರಿಸಿದಾಗ, ಜಿಐ ಇರುವಾಗ ನೇರವಾಗಿ ದಾವೆ ಹೂಡಬಾರದೇಕೆ ಎಂಬ ಚರ್ಚೆ ನಮ್ಮ ವಕೀಲರ ಕೋಣೆಯಲ್ಲೂ ನಡೆಯಿತು. 1999ರ ನಮ್ಮ ಜಿಐ ಕಾಯ್ದೆಯ ರಕ್ಷಣೆ ಭಾರತದ ಗಡಿಯೊಳಗೆ ಮಾತ್ರ. ಅದೂ ಮುಖ್ಯವಾಗಿ ಹೆಸರಿಗೆ, ಆಕಾರಕ್ಕಲ್ಲ. ಇನ್ನು ಮೂಲಸ್ಥಾನದ ಹೆಸರುಗಳನ್ನು ಹಲವು ದೇಶಗಳಲ್ಲಿ ಒಟ್ಟಿಗೆ ಕಾಯುವ ಲಿಸ್ಬನ್ ಒಪ್ಪಂದದಲ್ಲಿ ಭಾರತ ಸೇರಿಯೇ ಇಲ್ಲ. ಈ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಬಿಡಿಸಿ ನೋಡುವ ಅಭ್ಯಾಸವನ್ನು ಕೋರ್ಸು ಚೆನ್ನಾಗಿ ಕಲಿಸುತ್ತದೆ. ಕೃತಿಸ್ವಾಮ್ಯ, ಟ್ರೇಡ್‌ಮಾರ್ಕ್, ವಿನ್ಯಾಸ, ಪೇಟೆಂಟ್ ಒಂದೊಂದಕ್ಕೂ ಪ್ರತ್ಯೇಕ ಪಾಠವಿದ್ದು, ನಡುನಡುವೆ ಸ್ವಯಂ ಪರೀಕ್ಷೆಯ ಪ್ರಶ್ನೆಗಳು ಬರುತ್ತವೆ. ಮೊದಲು ನಾವು ಉತ್ತರಿಸಿಕೊಂಡು ಅನಂತರ ಅವರ ಮಾದರಿ ಉತ್ತರವನ್ನು ನೋಡಬೇಕು. ಅವಸರದಲ್ಲಿ ಮಾದರಿ ಉತ್ತರವನ್ನೇ ಮೊದಲು ಓದುವವರಿಗೆ ಕೋರ್ಸಿನ ಅರ್ಧ ಲಾಭ ಅಲ್ಲಿಯೇ ತಪ್ಪುತ್ತದೆ.

ಕೊರತೆಯೂ ಇದೆ. ಪಾಠವೆಲ್ಲ ಅಂತರರಾಷ್ಟ್ರೀಯ ತತ್ವಗಳ ಮಟ್ಟದಲ್ಲಿ ಸಾಗುವುದರಿಂದ, ಇಳಕಲ್ ಸೀರೆ ನೇಯುವವರೊಬ್ಬರು ಕಚೇರಿಗೆ ಬಂದು ಜಿಐನಿಂದ ತಮಗೇನು ಸಿಕ್ಕೀತು ಎಂದು ಕೇಳಿದರೆ ಅದಷ್ಟೇ ಸಾಲದು. ಚೆನ್ನೈನ ಜಿಐ ರಿಜಿಸ್ಟ್ರಿಯಲ್ಲಿ ಅವರನ್ನು ಅಧಿಕೃತ ಬಳಕೆದಾರರೆಂದು ಪ್ರತ್ಯೇಕವಾಗಿ ನೋಂದಾಯಿಸಬೇಕು ಎಂಬ ಕಾರ್ಯವಿಧಾನವನ್ನು ನಮ್ಮ ಕಾಯ್ದೆ ಮತ್ತು ನಿಯಮಗಳಿಂದಲೇ ಓದಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಜಿಲ್ಲಾ ಮಟ್ಟದ ವಕೀಲರಿಗೆ ನಿಜವಾದ ಕೆಲಸವಿರುವುದೇ ಅಲ್ಲಿ.

ಹೇಗ್ ನಗರದ ಶಾಂತಿ ಅರಮನೆಯಲ್ಲಿ ನಡೆಯುವ ಅಂತರರಾಷ್ಟ್ರೀಯ ಕಾನೂನು ಅಕಾಡೆಮಿಯ ಬೇಸಿಗೆ ಕೋರ್ಸು ಇದಕ್ಕಿಂತ ಬಹಳ ಎತ್ತರದ್ದು ಎಂಬುದರಲ್ಲಿ ಎರಡು ಮಾತಿಲ್ಲ. 1923ರಲ್ಲಿ ಆರಂಭವಾದ ಈ ಸಂಸ್ಥೆ ಸಾರ್ವಜನಿಕ ಮತ್ತು ಖಾಸಗಿ ಅಂತರರಾಷ್ಟ್ರೀಯ ಕಾನೂನುಗಳನ್ನು ತಲಾ ಮೂರು ವಾರ ಬೋಧಿಸುತ್ತದೆ. ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ತೊಡಕಿರುವುದು ಪಂಚಾಂಗದಲ್ಲಿ. ಅವರ ಬೇಸಿಗೆಯೆಂದರೆ ಜುಲೈ, ಆಗಸ್ಟ್. ನಮ್ಮ ಬೇಸಿಗೆ ರಜೆ ಮೇ ತಿಂಗಳಿಗೇ ಮುಗಿದು, ಆ ಹೊತ್ತಿಗೆ ಪಾಟೀಸವಾಲುಗಳು ಸಾಲುಗಟ್ಟಿರುತ್ತವೆ. ಸ್ವತಂತ್ರವಾಗಿ ಕಚೇರಿ ತೆರೆದವರಿಗೆ ಅಷ್ಟು ದಿನ ಗೈರಾಗುವುದು ಕಷ್ಟ, ಹಿರಿಯರ ಕೈಕೆಳಗಿರುವವರಿಗೆ ಒಪ್ಪಿಗೆ ಸಿಗುವುದೇ ಕಷ್ಟ.

ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ವ್ಯಾಸಂಗದ ಖರ್ಚನ್ನು ಪೂರ್ತಿ ಭರಿಸುತ್ತದೆ, ಆದರೆ 2,800 ಗಂಟೆಗಳ ಕೆಲಸದ ಅನುಭವ ಕೇಳುತ್ತದೆ. ಹಾಜರಿ ಪುಸ್ತಕವೂ ಸಂಬಳದ ಚೀಟಿಯೂ ಇಲ್ಲದ ನಮ್ಮ ವಕೀಲರ ಕಚೇರಿಗಳಲ್ಲಿ ಆ ಗಂಟೆಗಳ ಲೆಕ್ಕ ಇಡುವವರಾರು? ಕಿರಿಯರು ಈಗಿನಿಂದಲೇ ದಿನಚರಿ ಬರೆದಿಡುವುದು ಮೇಲು.

ಇವೆಲ್ಲವನ್ನೂ ಬಿಟ್ಟು, ‘ಅಂತರರಾಷ್ಟ್ರೀಯ ವಕೀಲರ ವಿನಿಮಯ’ ಎಂಬ ಹೆಸರಿನ ಪ್ರವಾಸಗಳಿಗೆ ದುಡ್ಡು ಕಟ್ಟುವವರೂ ಇದ್ದಾರೆ. ನನ್ನ ಕೈಗೆ ಬಂದ ಅಂಥದೊಂದು ಕರಪತ್ರದಲ್ಲಿ ನ್ಯಾಯಾಲಯದ ಭೇಟಿಗೆ ಮೀಸಲಿದ್ದುದು ಅರ್ಧ ದಿನ, ಉಳಿದುದೆಲ್ಲ ಊರು ಸುತ್ತಾಟ. ಊರು ನೋಡಲಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ತರಬೇತಿ ಎಂದು ಬಯೋಡೇಟಾದಲ್ಲಿ ಬರೆಯಬಾರದು.

ಹಣ ಕಟ್ಟಿಯೇ ಕಲಿಯುವುದಾದರೆ, 1915ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಭಾರತದಲ್ಲೂ ಶಾಖೆ ಹೊಂದಿರುವ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಆರ್ಬಿಟ್ರೇಟರ್ಸ್‌ನ, ಆರ್ಬಿಟ್ರೇಷನ್ ಅಂದರೆ ವ್ಯಾಜ್ಯವನ್ನು ನ್ಯಾಯಾಲಯದ ಹೊರಗೆ ಮಧ್ಯಸ್ಥರಿಂದ ತೀರ್ಮಾನಿಸುವ ಕುರಿತ, ಪಾಠಗಳು ಯೋಗ್ಯವಾಗಿವೆ. ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳು ಹೊರದೇಶಕ್ಕೆ ಎರಕದ ಬಿಡಿಭಾಗಗಳನ್ನು ಕಳಿಸುವಾಗ ಸಹಿ ಹಾಕುವ ಕರಾರುಗಳಲ್ಲಿ, ವ್ಯಾಜ್ಯ ಬಂದರೆ ಯಾವ ದೇಶದ ಕಾನೂನು, ಯಾವ ಊರಿನಲ್ಲಿ ಆರ್ಬಿಟ್ರೇಷನ್ ಎಂಬ ಷರತ್ತನ್ನು ಓದಿ ಹೇಳುವ ವಕೀಲರು ಬೇಕಾಗಿದ್ದಾರೆ. ರಫ್ತುದಾರ ಕಕ್ಷಿದಾರರಿಲ್ಲದವರು ಆ ಖರ್ಚಿಗೂ ಹೋಗಬೇಕಿಲ್ಲ.