ಎಚ್‌ಎಂಟಿ ಜನತಾ: ದಿನವೂ ಕೀ ಕೊಡಬೇಕಾದ ಚಿಕ್ಕಪ್ಪನ ಕೈಗಡಿಯಾರ

ನಾನು ಇಲ್ಲಿ ಬರೆಯುತ್ತಿರುವುದು ಹಿಂದಿನ ಕಾಲದ ಒಂದು ವಸ್ತುವಿನ ಬಗ್ಗೆ. ಆದರೂ ಎಷ್ಟೋ ಮನೆಗಳ ಅಲ್ಮೇರಾಗಳಲ್ಲಿ ಅದು ಇನ್ನೂ ಇದೆ, ಹಳೆಯ ವಾಚುಗಳ ಅಂಗಡಿಗಳಲ್ಲೂ ಆನ್‌ಲೈನ್ ಮಾರುಕಟ್ಟೆಯಲ್ಲೂ ಸಿಗುತ್ತದೆ. ರಿಪೇರಿ ಮಾಡಿಸಿ ಕಟ್ಟಿಕೊಳ್ಳಬಹುದೇ, ಹೊಸದಾಗಿ ಹುಡುಕಿ ಕೊಳ್ಳಬಹುದೇ ಎಂದು ಕೇಳುವವರೂ ಇದ್ದಾರೆ. ನನ್ನ ಬಳಿ ಇರುವ ಎಚ್‌ಎಂಟಿ ಜನತಾ 1981ರಲ್ಲಿ ಚಿಕ್ಕಪ್ಪನ ಮದುವೆಗೆ ನನ್ನ ತಂದೆ ಉಡುಗೊರೆಯಾಗಿ ಕೊಟ್ಟದ್ದು. ಚಿಕ್ಕಪ್ಪ ತೀರಿಕೊಳ್ಳುವವರೆಗೂ ಅದು ಅವರ ಎಡಗೈಯಲ್ಲಿತ್ತು; ಎರಡು ವರ್ಷಗಳಿಂದ ನನ್ನ ಕೈಯಲ್ಲಿದೆ. ದಿನವೂ ಕಟ್ಟಿಕೊಂಡು ಕೆಲಸಕ್ಕೆ ಹೋಗುವವನಾಗಿ ಇದರ ಗುಣದೋಷಗಳನ್ನು ಹೇಳುತ್ತೇನೆ, ಚಿಕ್ಕಪ್ಪನನ್ನು ಬಿಟ್ಟು ಹೇಳಲು ಮಾತ್ರ ನನ್ನಿಂದಾಗದು.

ಮೊದಲು ವಾಚಿನ ವಿವರ. ಇದು ಬ್ಯಾಟರಿ ಇಲ್ಲದ, ಕೈಯಿಂದ ಕೀ ಕೊಡುವ ಯಂತ್ರ. ಒಳಗಿನ ಸ್ಪ್ರಿಂಗ್ ಸುತ್ತಿಕೊಂಡು ನಿಧಾನವಾಗಿ ಬಿಚ್ಚಿಕೊಳ್ಳುವಾಗ, ಅತ್ತಿತ್ತ ತೂಗಿ ಹೊತ್ತು ಅಳೆಯುವ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ 5 ಬಾರಿ ಬಡಿಯುತ್ತದೆ. ಡಯಲಿನ ಮೇಲೆ ಕಾಣುವ ‘17 ಜ್ಯುವೆಲ್ಸ್’ ಎಂಬುದು ಅಲಂಕಾರದ ಮಾತಲ್ಲ. ಚಕ್ರಗಳ ಅಚ್ಚು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳು ಅವು. ನಲವತ್ತು ವರ್ಷ ದಾಟಿದ ಯಂತ್ರ ಇಂದಿಗೂ ನಡೆಯುತ್ತಿರುವುದಕ್ಕೆ ಆ ಹರಳುಗಳೂ ಒಂದು ಕಾರಣ. ಅಳತೆಯಲ್ಲಿ ಇಂದಿನ ವಾಚುಗಳಿಗಿಂತ ಚಿಕ್ಕದು, ತೂಕ ಕಡಿಮೆ, ಪೂರ್ಣ ತೋಳಿನ ಅಂಗಿಯ ಕೆಳಗೆ ಇದೆಯೋ ಇಲ್ಲವೋ ಎಂಬಂತೆ ಕೂರುತ್ತದೆ. ದಿನಾಂಕ ತೋರಿಸುವುದಿಲ್ಲ, ಕತ್ತಲೆಯಲ್ಲಿ ಹೊಳೆಯುವುದೂ ಇಲ್ಲ. ಬಿಳಿಯ ಡಯಲು, ಕಪ್ಪು ಅಂಕೆ, ಮೂರು ಮುಳ್ಳು, ಅಷ್ಟೆ. ಇಷ್ಟು ಸುಲಭವಾಗಿ ಸಮಯ ಓದಿಸುವ ವಾಚನ್ನು ನಾನು ಬೇರೆ ಕಂಡಿಲ್ಲ.

ಬೆಂಗಳೂರಿನ ಜಾಲಹಳ್ಳಿಯಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಶುರುವಾದದ್ದು 1961ರಲ್ಲಿ. ಮುಂದೆ ನಮ್ಮ ತುಮಕೂರಿನಲ್ಲೂ ಕಾರ್ಖಾನೆಯಾಯಿತು. ನಮ್ಮದು ತಿಪಟೂರು. ಕೊಬ್ಬರಿ ಮಂಡಿಯ ಲೆಕ್ಕದ ನಡುವೆಯೂ ಆಗ ನಮ್ಮ ಕಡೆಯ ಮನೆಗಳಲ್ಲಿ ‘ವಾಚ್ ಫ್ಯಾಕ್ಟರಿ’ ಎಂಬ ಮಾತು ಸಲೀಸಾಗಿ ಬಂದುಹೋಗುತ್ತಿತ್ತು. ಮದುವೆಯ ಗಂಡಿಗೆ ಎಚ್‌ಎಂಟಿ ವಾಚು ಕೊಡುವುದು ಆ ಕಾಲದ ಮರ್ಯಾದೆ. ವರೋಪಚಾರವಾಗಿ ಏನೂ ಬೇಡವೆಂದು ಹೆಣ್ಣಿನ ಕಡೆಯವರಿಗೆ ಚಿಕ್ಕಪ್ಪ ಮೊದಲೇ ಹೇಳಿಬಿಟ್ಟಿದ್ದರಂತೆ. ಹಾಗಾದರೆ ವಾಚು ನಾನೇ ಕೊಡುತ್ತೇನೆಂದು ಅವರ ಅಣ್ಣ, ಅಂದರೆ ನನ್ನ ತಂದೆ, ತಂದರು.

ಚಿಕ್ಕಪ್ಪನ ಕೆಲಸಕ್ಕೂ ಆ ವಾಚಿಗೂ ಹೇಳಿ ಮಾಡಿಸಿದಂಥ ಸಂಬಂಧವಿತ್ತು. ಅವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದರು. ಕಬ್ಬಿಣದ ಜಾಲರಿಯ ಹಿಂದೆ ಕುಳಿತು, ಕಂಡಕ್ಟರು ತಂದ ಲಾಗ್‌ಶೀಟಿನಲ್ಲಿ ಬಸ್ಸು ಬಂದ ಹೊತ್ತನ್ನೂ ಹೊರಟ ಹೊತ್ತನ್ನೂ ಬರೆದು ಸಹಿ ಹಾಕುವುದು ಅವರ ದಿನಚರಿ. ಶಾಲೆಗೆ ರಜೆ ಇದ್ದಾಗ ಅವರಿಗೆ ಊಟದ ಡಬ್ಬಿ ಒಯ್ಯುವುದು ನನ್ನ ಪಾಲಿನ ಕೆಲಸ. ದೂರದಿಂದ ಓಡಿಬರುತ್ತಿರುವ ಮುದುಕಿಗಾಗಿ ಅವರು ಡ್ರೈವರನಿಗೆ ಕೈ ಎತ್ತಿ ಬಸ್ಸು ನಿಲ್ಲಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗೆ ನಿಲ್ಲಿಸಿದ ಎರಡು ನಿಮಿಷವನ್ನು ಅವರು ಲಾಗ್‌ಶೀಟಿನಲ್ಲಿ ಮುಚ್ಚಿಡುತ್ತಿರಲಿಲ್ಲ. ವಾಚು ನೋಡಿ, ಬಸ್ಸು ನಿಜವಾಗಿ ಹೊರಟ ಹೊತ್ತನ್ನೇ ಬರೆಯುತ್ತಿದ್ದರು. “ತಡ ಆಗಿದ್ದು ನನ್ನಿಂದ ಅಂತ ಹೇಳು, ಯಾರಾದರೂ ಕೇಳಿದರೆ ನಾನು ಉತ್ತರ ಕೊಡ್ತೀನಿ” ಎಂದು ಕಂಡಕ್ಟರನಿಗೆ ಹೇಳುತ್ತಿದ್ದರು.

ಮನೆಯಲ್ಲಿ ಮಾತ್ರ ಅವರದು ಬೇರೆ ಲೆಕ್ಕ. ನಮ್ಮದು ಹನ್ನೊಂದು ಜನರಿದ್ದ ಕೂಡು ಕುಟುಂಬ. ಸ್ನಾನದ ಮನೆ ಒಂದು, ಬೆಳಿಗ್ಗೆ ಹೊರಡುವವರು ಏಳು ಮಂದಿ. ಆದ್ದರಿಂದ ನಡುಮನೆಯ ಗೋಡೆ ಗಡಿಯಾರವನ್ನು ಅವರು ಹತ್ತು ನಿಮಿಷ ಮುಂದಿಟ್ಟಿದ್ದರು. ಎಲ್ಲರಿಗೂ ಗೊತ್ತಿದ್ದ ಗುಟ್ಟು ಅದು, ಆದರೂ ಅದನ್ನು ನೋಡಿ ಗಡಿಬಿಡಿ ಮಾಡಿಕೊಳ್ಳುತ್ತಿದ್ದೆವು. ನಿಜವಾದ ಹೊತ್ತು ಬೇಕಾದಾಗ ಅಜ್ಜಿ ಅಡುಗೆಮನೆಯಿಂದಲೇ “ನಿನ್ನ ಕೈಯಲ್ಲಿ ಎಷ್ಟಾಯಿತಪ್ಪಾ?” ಎಂದು ಕೂಗುತ್ತಿದ್ದರು.

ಆ ವಾಚಿಗೆ ಕೀ ಕೊಡುವ ಹೊತ್ತು ಆಕಾಶವಾಣಿಯ ಬೆಳಗಿನ ವಾರ್ತೆಯ ಹೊತ್ತು. ಕಾಫಿಯ ಲೋಟವನ್ನು ಕಟ್ಟೆಯ ಮೇಲಿಟ್ಟು, ವಾಚನ್ನು ಕೈಯಿಂದ ಬಿಚ್ಚಿ ಎಡಗೈ ಬೆರಳುಗಳ ನಡುವೆ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳುಗಳಿಂದ ಪಕ್ಕದ ಕೀ ಗುಂಡಿಯನ್ನು ತಿರುಗಿಸುತ್ತಿದ್ದರು. ಸಣ್ಣ ಹಲ್ಲುಗಳ ಕಿರ್ರ್ ಕಿರ್ರ್ ಸದ್ದು ರೇಡಿಯೋದ ದನಿಯ ಕೆಳಗೆ ಕೇಳುತ್ತಿತ್ತು. ಕೊನೆಯ ಎರಡು ಸುತ್ತು ಬಂದಾಗ ಅವರ ಬೆರಳು ನಿಧಾನವಾಗುತ್ತಿತ್ತು. “ಇಲ್ಲಿ ಸಾಕು ಅಂತ ಅದೇ ಹೇಳುತ್ತೆ, ಅದರ ಮೇಲೆ ಬಲ ಹಾಕಬಾರದು” ಎಂದು ನನಗೆ ಕಲಿಸಿದ್ದರು. ಈ ಮಾದರಿಯನ್ನು ಬಳಸುವ ಎಲ್ಲರಿಗೂ ನಾನು ಹೇಳುವ ಮೊದಲ ಮಾತೂ ಅದೇ: ದಿನಕ್ಕೊಮ್ಮೆ, ಸಾಧ್ಯವಾದಷ್ಟು ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿಟ್ಟೇ ಕೀ ಕೊಡಿ, ತಡೆ ಸಿಕ್ಕ ಕೂಡಲೇ ನಿಲ್ಲಿಸಿ. ಕೈಯಲ್ಲಿ ಕಟ್ಟಿಕೊಂಡೇ ತಿರುಗಿಸಿದರೆ ಕೀ ಗುಂಡಿಯ ಒಳದಂಡ ಓರೆಯಾಗಿ ಎಳೆದು ಬೇಗ ಸವೆಯುತ್ತದೆ.

ಕೊನೆಯ ದಿನಗಳಲ್ಲಿ ಚಿಕ್ಕಪ್ಪ ಆಸ್ಪತ್ರೆಗೆ ಸೇರಿದಾಗ ಕೈಗೆ ಸೂಜಿ ಚುಚ್ಚಬೇಕೆಂದು ವಾಚನ್ನು ಬಿಚ್ಚಿ ಚಿಕ್ಕಮ್ಮನಿಗೆ ಕೊಟ್ಟರು. ಹತ್ತೊಂಬತ್ತು ದಿನ ಅಲ್ಲಿದ್ದರು. ಪ್ರತಿ ಬೆಳಿಗ್ಗೆ ಅವರ ಮೊದಲ ಪ್ರಶ್ನೆ, “ಕೀ ಕೊಟ್ಟೆಯಾ?” ಅವರು ಹೋದ ಮೇಲೂ ಚಿಕ್ಕಮ್ಮ ಒಂದು ವರ್ಷ ದಿನ ತಪ್ಪದೆ ಕೀ ಕೊಟ್ಟಿದ್ದಾರೆ, ಯಾರ ಕೈಯಲ್ಲೂ ಇಲ್ಲದ ವಾಚಿಗೆ. ವರ್ಷದ ತಿಥಿ ಮುಗಿದ ಸಂಜೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಅದನ್ನು ನನ್ನ ಕೈಗಿಟ್ಟು, “ನನ್ನ ಬೆರಳು ಈಗ ಹಿಡಿಯೋದಿಲ್ಲ, ನೀನು ನಡೆಸು” ಎಂದರು. ಬಟ್ಟೆಯೊಳಗಿಂದ ಟಿಕ್ ಟಿಕ್ ಕೇಳುತ್ತಿತ್ತು.

ನನ್ನ ಕೈಗೆ ಬಂದಾಗ ವಾಚು ದಿನಕ್ಕೆ ಹದಿನೈದು ನಿಮಿಷ ಹಿಂದೆ ಬೀಳುತ್ತಿತ್ತು. ಬೆಂಗಳೂರಿನ ಚಿಕ್ಕಪೇಟೆಯ ಕಡೆ ಒಂದು ಸಣ್ಣ ಮಳಿಗೆಯಲ್ಲಿ ಕೂರುವ ಹಿರಿಯ ರಿಪೇರಿಗಾರರ ಬಳಿ ಒಯ್ದೆ. ಅವರು ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ಒಳಗಿನ ಎಣ್ಣೆ ಒಣಗಿ ಅಂಟಾಗಿದೆ, ಯಂತ್ರಕ್ಕೆ ಏನೂ ಆಗಿಲ್ಲ ಎಂದರು. ಪೂರ್ತಿ ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿ, ಹೊಸ ಗಾಜು ಕೂರಿಸಿದ್ದಕ್ಕೆ 600 ರೂಪಾಯಿ ತೆಗೆದುಕೊಂಡರು. ಹಳೆಯ ಗಾಜನ್ನು ಕೇಳದೆಯೇ ಕಾಗದದಲ್ಲಿ ಮಡಚಿ ಕೊಟ್ಟರು. ನಾಲ್ಕರ ಅಂಕೆಯ ಮೇಲೆ ಓರೆಯಾಗಿ ಗೀರಿದ ಗೆರೆಗಳಿದ್ದ ಗಾಜು ಅದು. ಜಾಲರಿಯ ಕಿಂಡಿಯಲ್ಲಿ ಮೂವತ್ತು ವರ್ಷ ಕೈ ಚಾಚಿ ಲಾಗ್‌ಶೀಟು ಪಡೆದದ್ದರ ಗುರುತು. ಅದನ್ನು ಎಸೆಯದೆ ಇಟ್ಟುಕೊಂಡಿದ್ದೇನೆ. ಈಗ ವಾಚು ದಿನಕ್ಕೆ ಒಂದೆರಡು ನಿಮಿಷ ಹಿಂದೆ ಬೀಳುತ್ತದೆ. ಈ ವಯಸ್ಸಿನ ಯಂತ್ರಕ್ಕೆ ಇದು ತೃಪ್ತಿಕರ.

ದೋಷಗಳನ್ನೂ ಹೇಳಬೇಕು. ನೀರು ಇದಕ್ಕೆ ಆಗದು. ಪಾತ್ರೆ ತೊಳೆಯುವಾಗ, ಮಳೆಯಲ್ಲಿ ಸ್ಕೂಟರ್ ಓಡಿಸುವಾಗ ಬಿಚ್ಚಿಡಲೇಬೇಕು. ಬಾಡಿಯ ಮೇಲಿನ ಕ್ರೋಮ್ ಲೇಪನ ಬೆವರಿಗೆ ಕಿತ್ತುಹೋಗಿ, ಬೆಲ್ಟು ಸೇರುವ ಮೂಲೆಗಳಲ್ಲಿ ಹಿತ್ತಾಳೆಯ ಹಳದಿ ಕಾಣುತ್ತದೆ. ಬಿಡಿಭಾಗಗಳು ಕಾರ್ಖಾನೆಯಿಂದ ಬರುವುದು ನಿಂತಿದೆ. 2016ರಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಎಂಬ ಸರ್ಕಾರಿ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟ ಮೇಲೆ, ಒಂದು ಹಾಳಾದ ವಾಚಿನ ಭಾಗವನ್ನು ಇನ್ನೊಂದಕ್ಕೆ ಹಾಕುವುದೇ ರಿಪೇರಿಗಾರರ ದಾರಿಯಾಗಿದೆ. ಒಳ್ಳೆಯ ರಿಪೇರಿಗಾರರೂ ವಿರಳವಾಗುತ್ತಿದ್ದಾರೆ.

ಹೊಸದಾಗಿ ಕೊಳ್ಳುವವರು ಬಹಳ ಎಚ್ಚರದಿಂದಿರಬೇಕು. ನನ್ನ ತಮ್ಮನಿಗೂ ಒಂದಿರಲಿ ಎಂದು ನಾನು ಆನ್‌ಲೈನಿನಲ್ಲಿ ‘ಬಳಸದ ಹಳೆಯ ದಾಸ್ತಾನು’ ಎಂಬ ಮಾತು ನಂಬಿ ಕಡುನೀಲಿ ಡಯಲಿನ ಜನತಾ ಒಂದನ್ನು ತರಿಸಿದೆ. ರಿಪೇರಿಗಾರರು ಒಂದು ನೋಟದಲ್ಲೇ ಹೇಳಿದರು: ಹಳೆಯ ಡಯಲನ್ನು ಉಜ್ಜಿ ಮತ್ತೆ ಬಣ್ಣ ಹೊಡೆದದ್ದು, ಒಳಗಿನ ಭಾಗಗಳು ಮೂರು ವಾಚುಗಳಿಂದ ಕೂಡಿಸಿದ್ದು. ಅದು ಒಂದು ತಿಂಗಳೂ ನಡೆಯಲಿಲ್ಲ, ಹಣವೂ ಹಿಂದೆ ಬರಲಿಲ್ಲ. ತಮ್ಮನಿಗೆ ಚಿಕ್ಕಪ್ಪನ ನೆನಪಾಗಿ ಕೊಡಬೇಕೆಂದಿದ್ದ ವಸ್ತು ಹೀಗಾದದ್ದು ನನಗೆ ನಿಜಕ್ಕೂ ನೋವು ತಂದಿತು. ಕಣ್ಣು ಕುಕ್ಕುವ ಬಣ್ಣದ ಡಯಲು, ಭೂತಗನ್ನಡಿಯಲ್ಲಿ ಅಂಚು ಕದಡಿದಂತೆ ಕಾಣುವ ಅಕ್ಷರ, ಹಳೆಯ ವಾಚಿಗೆ ಹೊಚ್ಚಹೊಸ ಹೊಳಪು, ಇವುಗಳನ್ನು ಕಂಡರೆ ಬಿಟ್ಟುಬಿಡಿ. ಹಿಂಬದಿಯ ಮುಚ್ಚಳ ತೆಗೆದ ಚಿತ್ರ ಕೇಳಿ. ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ. ಅದಕ್ಕಿಂತ ಮೊದಲು ನಿಮ್ಮ ಮನೆಯ ಹಿರಿಯರ ಪೆಟ್ಟಿಗೆಗಳನ್ನು ಒಮ್ಮೆ ನೋಡಿ. ಕೆಟ್ಟಿದೆ ಎಂದು ಎತ್ತಿಟ್ಟ ವಾಚಿಗೆ ಬರೀ ಎಣ್ಣೆ ಬೇಕಾಗಿರಬಹುದು.

ಹಾಗಾದರೆ ಇದನ್ನು ಯಾರು ಕಟ್ಟಿಕೊಳ್ಳಬೇಕು? ಸೆಕೆಂಡಿನ ಲೆಕ್ಕ ಬೇಕಾದವರಿಗೆ, ಮರೆವಿನವರಿಗೆ ಇದು ಹೊಂದದು. ದಿನಕ್ಕೆ ಅರ್ಧ ನಿಮಿಷ ಒಂದು ವಸ್ತುವಿಗಾಗಿ ಕೂರಬಲ್ಲವರಿಗೆ ನಾನು ಮನಸ್ಸಿಟ್ಟು ಶಿಫಾರಸು ಮಾಡುತ್ತೇನೆ. ನನಗಂತೂ ಆ ಅರ್ಧ ನಿಮಿಷದಲ್ಲಿ ಕಟ್ಟೆ, ಕಾಫಿ ಲೋಟ, ವಾರ್ತೆಯ ದನಿ ಎಲ್ಲವೂ ಸಿಗುತ್ತವೆ.

ಕಳೆದ ದೀಪಾವಳಿಗೆ ತಿಪಟೂರಿಗೆ ಹೋಗಿದ್ದೆ. ಈಗ ಆ ಮನೆಯಲ್ಲಿ ಚಿಕ್ಕಮ್ಮ ಒಬ್ಬರೇ ಇರುತ್ತಾರೆ, ಬೆಳಿಗ್ಗೆ ಎಲ್ಲಿಗೂ ಓಡಬೇಕಾಗಿಲ್ಲ. ಎಣ್ಣೆ ನೀರು ಮುಗಿಸಿ ಬಂದು ನಡುಮನೆಯಲ್ಲಿ ವಾಚು ಕಟ್ಟಿಕೊಳ್ಳುತ್ತಿದ್ದಾಗ ಅವರು ನನ್ನ ಮಣಿಕಟ್ಟು ಹಿಡಿದು ನೋಡಿದರು, ತಲೆ ಎತ್ತಿ ಗೋಡೆ ಗಡಿಯಾರ ನೋಡಿದರು, ಮತ್ತೆ ವಾಚು ನೋಡಿದರು. “ಹನ್ನೆರಡು ನಿಮಿಷ ವ್ಯತ್ಯಾಸ ಬರ್ತಿದೆ ಕಣೋ, ನಿಂದು ಎರಡು ನಿಮಿಷ ಹಿಂದಿದೆ. ಸರಿ ಮಾಡಿಕೋ” ಎಂದರು.