ವಿಗ್, ವೀವ್, ಟಾಪರ್, ಚೌರಿ: ಗುಂಗುರು ಕೂದಲಿಗೆ ಯಾವುದು ಒಗ್ಗುತ್ತದೆ?

ನನ್ನದು ಗುಂಗುರು ಕೂದಲು. ಥೈರಾಯ್ಡ್ ಶುರುವಾದ ಮೇಲೆ ನಡು ಬೈತಲೆ ಅಗಲವಾಗುತ್ತಾ ಬಂತು. ಹಿಂದೆ, ಕಿವಿಯ ಮೇಲೆ ಕೂದಲು ಇನ್ನೂ ದಟ್ಟವಾಗಿಯೇ ಇದೆ. ನೆತ್ತಿ ಮಾತ್ರ ಕಾಣಿಸುತ್ತದೆ, ಆಫೀಸಿನ ಲಿಫ್ಟ್‌ನಲ್ಲಿ ಬಲ್ಬಿನ ಕೆಳಗೆ ನಿಂತರಂತೂ ಜಾಸ್ತಿ. ಮಾತ್ರೆ, ಔಷಧಿ ಒಂದು ಕಡೆ ನಡೆದಿದೆ. ಆ ಕಥೆ ಇಲ್ಲಿ ಬೇಡ. ಇರುವ ಕೂದಲಿಗೆ ಹೊರಗಿನ ಕೂದಲು ಸೇರಿಸಿಕೊಳ್ಳುವ ನಾಲ್ಕು ದಾರಿಗಳನ್ನು ನಾನೇ ಹಾಕಿಕೊಂಡು ಓಡಾಡಿ ನೋಡಿದ್ದೇನೆ. ಅದನ್ನಷ್ಟೇ ಹೇಳುತ್ತೇನೆ.

ಅಂಗಡಿಗೆ ಹೋದರೆ ಮೊದಲು ಉದ್ದ ಎಷ್ಟು, ಬಣ್ಣ ಯಾವುದು ಅಂತ ಕೇಳುತ್ತಾರೆ. ಅದೆಲ್ಲ ಆಮೇಲೆ. ಮೊದಲು ನೋಡಬೇಕಾದ್ದು, ಹೊಸದಾಗಿ ಬರುವ ಕೂದಲಿನ ಭಾರ ಯಾರು ಹೊರುತ್ತಾರೆ ಅನ್ನುವುದು. ವಿಗ್ಗಿನ ಭಾರ ಇಡೀ ತಲೆಯ ಮೇಲೆ ಹರಡಿಕೊಳ್ಳುತ್ತದೆ. ನೆತ್ತಿಯನ್ನಷ್ಟೇ ಮುಚ್ಚುವ ಟಾಪರ್ ಆದರೆ ಕ್ಲಿಪ್ ಕಚ್ಚಿಕೊಂಡ ನಾಲ್ಕೈದು ಕಡೆಯ ಕೂದಲು ಹೊರುತ್ತದೆ, ಅದೂ ಹಗಲು ಮಾತ್ರ. ಸ್ವಂತ ಕೂದಲಿಗೆ ಹೊಲಿದು ಕೂಡಿಸುವ ವೀವ್‌ನ ಭಾರವನ್ನು ನಿಮ್ಮ ಕೂದಲಿನ ಬುಡವೇ ಹಗಲೂ ರಾತ್ರಿ ಹೊರಬೇಕು. ಕೂದಲು ತೆಳುವಾಯಿತು ಅಂತ ಹೋದವಳ ತೆಳು ಕೂದಲಿಗೇ ಮತ್ತಷ್ಟು ತೂಕ ನೇತುಹಾಕಿ ಕಳಿಸಿದರೆ ಹೇಗೆ?

ಚೌರಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಇದು ಮೊದಲಿನಿಂದಲೂ ಇತ್ತು. ಅಜ್ಜಿಯ ಕಾಲದವರು ಬಾಚುವಾಗ ಉದುರಿದ ಕೂದಲನ್ನು ಸುತ್ತಿ ಎತ್ತಿಟ್ಟು, ಅದರಿಂದಲೇ ಚೌರಿ ಮಾಡಿಸಿಕೊಳ್ಳುತ್ತಿದ್ದರು. ನಿಮ್ಮದೇ ಕೂದಲು, ನಿಮ್ಮದೇ ಬಣ್ಣ. ಈಗ ಫ್ಯಾನ್ಸಿ ಸ್ಟೋರ್‌ನಲ್ಲಿ ಸಿಗುವುದು ಬಹುಪಾಲು ಸಿಂಥೆಟಿಕ್. ಕೆಲವು ನೂರು ರೂಪಾಯಿಗೆ ಬರುತ್ತದೆ. ಮದುವೆಯ ಮೊಗ್ಗಿನ ಜಡೆಗೆ, ಭರತನಾಟ್ಯದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಚೌರಿ ಉದ್ದ ಕೊಡುತ್ತದೆ, ದಪ್ಪ ಕೊಡುತ್ತದೆ, ನೆತ್ತಿ ಮುಚ್ಚುವುದಿಲ್ಲ. ಜಡೆ ದಪ್ಪವಾದಷ್ಟೂ ಮೇಲಿನ ಬೋಳು ಎದ್ದು ಕಾಣುತ್ತದೆ. ನನ್ನ ಸಮಸ್ಯೆಗೆ ಅದು ಉತ್ತರವಾಗಲಿಲ್ಲ, ಅಷ್ಟೇ.

ವೀವ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಪಾರ್ಲರ್‌ಗಳಲ್ಲಿ 'ಪರ್ಮನೆಂಟ್ ಎಕ್ಸ್‌ಟೆನ್ಶನ್' ಅಂತ ಹೇಳಿ ಇದನ್ನೂ ಮಾರುತ್ತಾರೆ. ಪರ್ಮನೆಂಟ್ ಏನೂ ಅಲ್ಲ. ನೆತ್ತಿಗೆ ಅಂಟಿದ ಹಾಗೆ ಸಣ್ಣ ಸಣ್ಣ ಜಡೆ ಹೆಣೆಯುತ್ತಾರೆ. ಬಾಗಿದ ಸೂಜಿಗೆ ದಾರ ಪೋಣಿಸಿ, ಕೂದಲಿನ ಪಟ್ಟಿಯನ್ನು ಆ ಜಡೆಗಳಿಗೆ ಹೊಲಿಯುತ್ತಾರೆ. ಮೇಲಿನ ಒಂದು ಪದರ ನಿಮ್ಮ ಸ್ವಂತ ಕೂದಲನ್ನು ಹೊರಗೆ ಬಿಟ್ಟು, ಹೊಲಿಗೆ ಮುಚ್ಚುತ್ತಾರೆ. ಇಲ್ಲೇ ನನಗೆ ಮೊದಲ ತೊಡಕು. ಹೊಲಿಗೆ ಮುಚ್ಚಬೇಕಾದ ಜಾಗದಲ್ಲೇ ನನ್ನ ಕೂದಲು ಕಡಿಮೆ!

ಈ ವಿದ್ಯೆ ಬೆಳೆದದ್ದು ಕಪ್ಪು ಹೆಂಗಸರ ನಡುವೆ. ಅಮೆರಿಕದ ಕ್ರಿಸ್ಟಿನಾ ಜೆಂಕಿನ್ಸ್ ಎಂಬ ಕಪ್ಪು ಮಹಿಳೆ ಕೂದಲು ಹೊಲಿಯುವ ವಿಧಾನಕ್ಕೆ 1952ರಲ್ಲಿ ಪೇಟೆಂಟ್ ಪಡೆದರು. ಬಿಗಿಯಾಗಿ ಸುರುಳಿ ಸುತ್ತಿಕೊಂಡ ಆಫ್ರಿಕನ್ ಕೂದಲಿನಲ್ಲಿ ಹೆಣೆದ ಜಡೆ ಜಾರುವುದಿಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ವೀವ್ ಅಂದರೆ ಸ್ವಂತ ಕೂದಲಿಗೆ ರಜೆ. ದಿನಾ ಬಾಚುವುದು, ಕಾಯಿಸಿ ನೇರ ಮಾಡುವುದು ತಪ್ಪುತ್ತದೆ. ನಮ್ಮ ಕಡೆಯ ನುಣುಪು, ನೇರ ಕೂದಲಿನಲ್ಲಿ ಅದೇ ಜಡೆ ಜಾರುತ್ತದೆ. ಜಾರಬಾರದು ಅಂತ ಇನ್ನೂ ಬಿಗಿಯಾಗಿ ಹೆಣೆಯುತ್ತಾರೆ. ನನ್ನ ಗುಂಗುರು ಕೂದಲು ಎರಡರ ಮಧ್ಯದ್ದು. ಹಿಡಿತ ಚೆನ್ನಾಗಿಯೇ ಇತ್ತು. ನೋವೂ ಇತ್ತು.

'ಎರಡು ದಿನ ಎಳೆದ ಹಾಗೆ ಇರುತ್ತದೆ ಮೇಡಂ, ಆಮೇಲೆ ಅಭ್ಯಾಸ ಆಗುತ್ತದೆ' ಅಂದಳು ಹೊಲಿದ ಹುಡುಗಿ. ಅಭ್ಯಾಸ ಆಗಬೇಕಾದ ವಿಷಯ ಅದಲ್ಲ. ಹಣೆಯಂಚಿನಲ್ಲಿ ಸಣ್ಣ ಗುಳ್ಳೆ, ಮುಟ್ಟಿದರೆ ನೋವು, ಹುಬ್ಬು ಮೇಲೆ ಎಳೆದ ಹಾಗೆ ಅನಿಸುವುದು, ಇವೆಲ್ಲ ಕೂದಲಿನ ಬುಡಕ್ಕೆ ತಡೆಯಲಾರದಷ್ಟು ಎಳೆತ ಬೀಳುತ್ತಿದೆ ಅನ್ನುವುದರ ಗುರುತು. ಇದರಿಂದ ಕೂದಲು ಉದುರುವುದಕ್ಕೆ ವೈದ್ಯರು 'ಟ್ರಾಕ್ಷನ್ ಅಲೊಪೀಷಿಯಾ' ಅನ್ನುತ್ತಾರೆ. ಬೇಗ ಬಿಚ್ಚಿಸಿದರೆ ಕೂದಲು ವಾಪಸ್ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡದಲ್ಲಿ ಕಲೆಗಟ್ಟಿ, ಆ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಬಿಗಿಯಾಗಿ ಎಳೆದು ಜಡೆ ಹಾಕುವ ನಮ್ಮ ಸ್ಕೂಲ್ ಹುಡುಗಿಯರಿಗೂ ಈ ಮಾತು ಅನ್ವಯಿಸುತ್ತದೆ, ಅಲ್ವಾ?

ನೋವು ಬಿಟ್ಟರೆ ದೊಡ್ಡ ತಲೆನೋವು ಸ್ನಾನದ್ದು. ನಮ್ಮದು ಎಣ್ಣೆ ಹಚ್ಚುವ ಮನೆ. ಹೊಲಿಗೆಯ ಸಂದಿಗೆ ಎಣ್ಣೆ ಇಳಿದರೆ ಹೊರಗೆ ಬರುವುದಿಲ್ಲ. ಸೀಗೆಪುಡಿ ಅಂತೂ ಕೇಳಬೇಡಿ, ಜಡೆಗಳ ನಡುವೆ ಕೂತೇ ಬಿಡುತ್ತದೆ. ತಲೆಗೆ ನೀರು ಹಾಕಿದ ದಿನ ಪೂರ್ತಿ ಒದ್ದೆ ಕಂಬಳಿ ಹೊತ್ತ ಹಾಗೆ. ಮೇಲೆ ಒಣಗಿದ್ದರೂ ಒಳಗೆ ಒದ್ದೆ ಇರುತ್ತದೆ, ಹಾಗೇ ಬಿಟ್ಟರೆ ವಾಸನೆ. ಮಂಗಳೂರಿನಲ್ಲಿರುವ ಅಕ್ಕನ ಮನೆಗೆ ಮಳೆಗಾಲದಲ್ಲಿ ಹೋದಾಗ ಅದು ಒಣಗಲೇ ಇಲ್ಲ. ಮೇಲಾಗಿ ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಆರರಿಂದ ಎಂಟು ವಾರಕ್ಕೆ ಹೊಲಿಗೆ ಸಡಿಲವಾಗಿ, ನೆತ್ತಿಯಿಂದ ಕೆಳಗೆ ಜೋತು ಬೀಳುತ್ತದೆ. ಬಿಚ್ಚಿ ಮತ್ತೆ ಹೊಲಿಸಬೇಕು, ಪ್ರತಿಸಲ ಸಾವಿರಾರು ರೂಪಾಯಿ ಕೂಲಿ. ಕೂದಲಿನ ಖರ್ಚು ಬೇರೆ.

ವೀವ್‌ಗೆ ಒಳ್ಳೆಯ ಮಾತೇ ಇಲ್ಲವೇ? ಇದೆ. ಗಾಳಿಗೆ ಹಾರುವುದಿಲ್ಲ, ಯಾರಾದರೂ ತಬ್ಬಿಕೊಂಡರೆ ಜಾರುತ್ತದೆ ಅನ್ನುವ ಭಯವಿಲ್ಲ, ಬೆಳಗ್ಗೆ ಎದ್ದು ಹಾಗೇ ಹೊರಟುಬಿಡಬಹುದು. ಕೂದಲು ದಟ್ಟವಾಗಿದ್ದು ಉದ್ದ ಮಾತ್ರ ಸಾಲದವರಿಗೆ, ಕೆಲವು ವಾರಗಳ ಮಟ್ಟಿಗೆ, ಇದು ಚೆನ್ನಾಗಿಯೇ ಇರುತ್ತದೆ. ಟೇಪ್ ಅಂಟಿಸುವುದು, ಕೆರಾಟಿನ್ ಅಂಟು ಕರಗಿಸಿ ಕೂಡಿಸುವುದು ಇವೆಲ್ಲ ಇದರ ದಾಯಾದಿಗಳು. ಟೇಪ್‌ಗೆ ಎಣ್ಣೆ ಆಗುವುದಿಲ್ಲ, ಅಂಟು ಬಿಟ್ಟುಕೊಳ್ಳುತ್ತದೆ. ಅದಕ್ಕೆ ಅವನ್ನು ನಾನು ಮುಟ್ಟಲು ಹೋಗಲಿಲ್ಲ.

ಇನ್ನು ಪೂರ್ತಿ ವಿಗ್. ಇದನ್ನು ಹಾಕಿಕೊಳ್ಳಲು ಒಂದು ಧೈರ್ಯ ಬೇಕು ಅಂದುಕೊಂಡಿದ್ದೆ. ನಿಜಕ್ಕೂ ಬೇಕಾದ್ದು ಸರಿಯಾದ ಅಳತೆ. ಹಣೆಯಿಂದ ಕಿವಿಯ ಹಿಂದೆ ಹಾದು ಕುತ್ತಿಗೆಯ ಮೇಲ್ಭಾಗಕ್ಕೆ ಟೇಪ್ ಸುತ್ತಿ ಅಳೆಯಬೇಕು. ಗುಂಗುರು ಕೂದಲನ್ನು ಒಳಗೆ ಚಪ್ಪಟೆಯಾಗಿ ಸಣ್ಣ ಜಡೆ ಹಾಕಿ ಅದುಮಿಕೊಂಡರೆ ತಲೆ ದೊಡ್ಡದಾಗುತ್ತದೆ, ಆಮೇಲೆ ಅಳೆಯಿರಿ. ಮುಂದೆ ತೆಳುವಾದ ಲೇಸ್ ಇರುವ ವಿಗ್ ಹಣೆಯಂಚಿನಲ್ಲಿ ಸಹಜವಾಗಿ ಕಾಣುತ್ತದೆ. ಅದನ್ನು ಅಂಟಿನಿಂದ ಕೂರಿಸುತ್ತಾರೆ. ನಾನು ಅಂಟು ಬೇಡ ಅಂತ ವೆಲ್ವೆಟ್ ಪಟ್ಟಿ ಕಟ್ಟಿಕೊಂಡು ಅದರ ಮೇಲೆ ಹಾಕಿದೆ. ಜಾರಲಿಲ್ಲ.

ಸಿಂಥೆಟಿಕ್ ವಿಗ್ ಎರಡು ಮೂರು ಸಾವಿರಕ್ಕೂ ಸಿಗುತ್ತದೆ. ಗುಂಗುರಿನ ಮಟ್ಟಿಗೆ ಅದಕ್ಕೊಂದು ಲಾಭ ಇದೆ: ಕಾರ್ಖಾನೆಯಲ್ಲಿ ಸುತ್ತಿದ ಸುರುಳಿ ತೊಳೆದರೂ ಹಾಗೇ ನಿಲ್ಲುತ್ತದೆ. ಆದರೆ ಬಿಸಿಲಿನಲ್ಲಿ ಮಿಣಮಿಣ ಹೊಳೆಯುತ್ತದೆ, ಫೋಟೋದಲ್ಲಿ ಇನ್ನೂ ಜಾಸ್ತಿ. ಕುತ್ತಿಗೆಗೆ ತಗಲುವ ತುದಿ ಬೇಗ ಗಂಟುಗಟ್ಟುತ್ತದೆ. ಒಲೆಯ ಮುಂದೆ ಬಗ್ಗಿದರೆ, ಓವನ್ ಬಾಗಿಲು ತೆಗೆದರೆ ಮುಂದಿನ ಎಳೆಗಳು ಸುಟ್ಟು ಮುರುಟುತ್ತವೆ. ದೋಸೆ ಹುಯ್ಯುವವರು ಇದನ್ನು ತೆಗೆದಿಟ್ಟೇ ಅಡುಗೆಮನೆಗೆ ಹೋಗಬೇಕು. ನಿಜವಾದ ಕೂದಲಿನ ವಿಗ್ ಈ ಕಾಟ ಕೊಡುವುದಿಲ್ಲ, ಬೆಲೆ ಮಾತ್ರ ಹಲವು ಪಟ್ಟು.

ವಿಗ್ ಸೋಲುವುದು ಸೆಖೆಗೆ ಮತ್ತು ಹೆಲ್ಮೆಟ್‌ಗೆ. ಬೆಂಗಳೂರಿನ ಏಪ್ರಿಲ್‌ನಲ್ಲೇ ಒಳಗೆ ಬೆವರು ಇಳಿಯುತ್ತದೆ. ಕಲಬುರಗಿ, ರಾಯಚೂರಿನವರು ಏನು ಮಾಡಬೇಕೋ! ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುವಾಗ ಒಂದು ಕೈಯಲ್ಲಿ ವಿಗ್ ಒತ್ತಿ ಹಿಡಿದುಕೊಳ್ಳಬೇಕು. ಪಾರ್ಕಿಂಗ್‌ನಲ್ಲಿ ಈ ಸರ್ಕಸ್ ದಿನಾ ಮಾಡಲು ಆಗುವುದಿಲ್ಲ. ಹಾಗಂತ ವಿಗ್ಗನ್ನು ತಳ್ಳಿಹಾಕಬೇಡಿ. ನಮ್ಮ ಅತ್ತಿಗೆಗೆ ಕೀಮೋ ಆದಾಗ ಬೇರೆ ಆಯ್ಕೆಯೇ ಇರಲಿಲ್ಲ. ಹೊಲಿಯಲು, ಕ್ಲಿಪ್ ಹಾಕಲು ಅಲ್ಲಿ ಕೂದಲೇ ಇಲ್ಲವಲ್ಲ. ಹತ್ತಿಯ ಟೋಪಿ ಹಾಕಿ, ಮೇಲೆ ಹಗುರವಾದ ಗಿಡ್ಡ ವಿಗ್ ಹಾಕಿಕೊಂಡು ಅವರು ಮಗಳ ಸ್ಕೂಲ್ ಡೇಗೆ ಹೋಗಿಬಂದರು. ಪೂರ್ತಿ ಉದುರಿದವರಿಗೆ, ಅಲ್ಲಲ್ಲಿ ಬಿಲ್ಲೆಬಿಲ್ಲೆಯಾಗಿ ಉದುರಿದವರಿಗೆ ವಿಗ್ಗೇ ಸರಿ.

ನನಗೆ ಒಗ್ಗಿದ್ದು ಟಾಪರ್. ನೆತ್ತಿಯಷ್ಟನ್ನೇ ಮುಚ್ಚುವ ಜಾಲರಿಯ ಸಣ್ಣ ಬೇಸ್, ಅದಕ್ಕೆ ಒಂದೊಂದೇ ಎಳೆ ಕಟ್ಟಿದ ಕೂದಲು, ಕೆಳಗೆ ಟಕ್ಕನೆ ಮುಚ್ಚುವ ಕ್ಲಿಪ್‌ಗಳು. ಮುಂದಿನ ಹಣೆಗೂದಲು ನನ್ನದೇ, ಹಿಂದಿನದೂ ನನ್ನದೇ. ಮಧ್ಯದಲ್ಲಿ ಮಾತ್ರ ಸೇರ್ಪಡೆ. ಹಾಕಲು ಅಭ್ಯಾಸವಾದರೆ ಕಾಫಿ ಇಳಿಯುವಷ್ಟರಲ್ಲಿ ಮುಗಿಯುತ್ತದೆ. ಹೆಲ್ಮೆಟ್ ಒಳಗೆ ಕೂರುತ್ತದೆ. ರಾತ್ರಿ ತೆಗೆದಿಟ್ಟು ತಲೆ ಕೆರೆದುಕೊಳ್ಳಬಹುದು, ಎಣ್ಣೆ ಹಚ್ಚಿಕೊಳ್ಳಬಹುದು, ನೆತ್ತಿಗೆ ಹಾಕುವ ಔಷಧಿಯನ್ನೂ ಬಿಡಬೇಕಾಗಿಲ್ಲ. ವೀವ್ ಇದ್ದಾಗ ಈ ಔಷಧಿ ಹಚ್ಚಲು ಜಾಗವೇ ಇರಲಿಲ್ಲ.

ಬೇಸ್ ಆರಿಸುವಾಗ ಬೋಳಾದ ಜಾಗಕ್ಕಿಂತ ಸುತ್ತಲೂ ಸುಮಾರು ಒಂದು ಇಂಚು ದೊಡ್ಡದು ತೆಗೆದುಕೊಳ್ಳಿ. ಕ್ಲಿಪ್ ಗಟ್ಟಿ ಕೂದಲಿಗೆ ಸಿಗಬೇಕು, ತೆಳು ಜಾಗಕ್ಕೆ ಅಲ್ಲ. ಸಣ್ಣದು ಅಗ್ಗ ಅಂತ ಕೊಂಡರೆ ಕ್ಲಿಪ್ ಎಳೆದೆಳೆದು ಬೋಳು ಇನ್ನೂ ಅಗಲವಾಗುತ್ತದೆ. ದಿನಾ ಒಂದೇ ಕಡೆ ಕ್ಲಿಪ್ ಹಾಕದೆ ಆಚೀಚೆ ಜರುಗಿಸುತ್ತಿರಿ. ಕೂದಲಿನ ದಟ್ಟಣೆ ನೂರರಿಂದ ನೂರಿಪ್ಪತ್ತು ಪರ್ಸೆಂಟ್ ಅಂತ ಬರೆದಿದ್ದರೆ ಸಾಕು. ನೂರೈವತ್ತು ಅಂದರೆ ಮದುವೆ ಮನೆಯ ಹುಡುಗಿಯ ಜಡೆಯಷ್ಟು ದಪ್ಪ, ನಲವತ್ತೈದರ ಮುಖಕ್ಕೆ ಅದು ಕೂರುವುದಿಲ್ಲ.

ಗುಂಗುರು ಸಿಗುವುದೇ ಕಷ್ಟ. ತೋರಿಸಿದ ಟಾಪರ್‌ಗಳೆಲ್ಲ ನೇರ. ಒಂದು ಅಂಗಡಿಯಲ್ಲಂತೂ 'ನಿಮ್ಮ ಕೂದಲನ್ನೇ ಸ್ಟ್ರೇಟ್ನಿಂಗ್ ಮಾಡಿಸಿಬಿಡಿ, ಮ್ಯಾಚ್ ಆಗುತ್ತದೆ' ಅಂದರು. ತೆಳುವಾಗುತ್ತಿರುವ ಕೂದಲಿಗೆ ಕೆಮಿಕಲ್ ಹಾಕಿಸಿ, ಬೇರೆಯವರ ಕೂದಲಿಗೆ ಸರಿಹೊಂದಿಸುವುದಂತೆ! ಕೊನೆಗೆ ಅಲೆಯಲೆಯಾದ ಕೂದಲಿನದ್ದು ತೆಗೆದುಕೊಂಡೆ. ಒದ್ದೆ ಮಾಡಿ ಸ್ಪಂಜಿನ ಕಡ್ಡಿಗಳಿಗೆ ಸುತ್ತಿ ರಾತ್ರಿಯಿಡೀ ಬಿಟ್ಟರೆ ನನ್ನ ಸುರುಳಿಗೆ ಹತ್ತಿರ ಬರುತ್ತದೆ. ಆವಿಯಲ್ಲಿ ಸುತ್ತಿ ಗುಂಗುರು ಮಾಡಿದ ಕೂದಲೂ ಸಿಗುತ್ತದೆ. ಹಲವು ಸಲ ತೊಳೆದ ಮೇಲೆ ಅದರ ಸುರುಳಿ ಬಿಚ್ಚಿಕೊಳ್ಳುತ್ತದೆ ಅನ್ನುವುದು ಗೊತ್ತಿರಲಿ.

ಬೆಲೆಯ ಗುಟ್ಟು ಇರುವುದು ಆ ಕೂದಲು ಎಲ್ಲಿಂದ ಬಂತು ಅನ್ನುವುದರಲ್ಲಿ. ತಿರುಮಲದಲ್ಲಿ ಜನ ಕೊಟ್ಟ ಮುಡಿಯನ್ನು ದೇವಸ್ಥಾನ ಉದ್ದದ ಪ್ರಕಾರ ವಿಂಗಡಿಸಿ ಹರಾಜು ಹಾಕುತ್ತದೆ. ನಮ್ಮ ರಾಜ್ಯದಿಂದ ಹೋಗಿ ಮುಡಿ ಕೊಟ್ಟವರು ಏನು ಕಡಿಮೆಯೇ? ತಲೆಯಿಂದ ನೇರವಾಗಿ ತೆಗೆದ ಇಂಥ ಕೂದಲನ್ನು ಬುಡ ಒಂದೇ ಕಡೆ ಬರುವ ಹಾಗೆ ಕಟ್ಟಿಡುತ್ತಾರೆ. ಎಳೆಯ ಮೇಲಿನ ಸಣ್ಣ ಪದರಗಳು ಒಂದೇ ದಿಕ್ಕಿಗೆ ಇರುವುದರಿಂದ ಸಿಕ್ಕಾಗುವುದು ಕಡಿಮೆ. ಮಾರುಕಟ್ಟೆಯಲ್ಲಿ ಇದಕ್ಕೆ 'ರೆಮಿ' ಅನ್ನುತ್ತಾರೆ. ಇನ್ನೊಂದು, ಬಾಚಣಿಗೆಯಲ್ಲಿ ಬಂದ ಉಂಡೆ ಕೂದಲು. ಹಳ್ಳಿ ಹಳ್ಳಿ ಸುತ್ತಿ ಹೇರ್‌ಪಿನ್ನು, ಪಾತ್ರೆ ಕೊಟ್ಟು ಅದನ್ನು ಕೊಳ್ಳುವವರನ್ನು ನೀವೂ ನೋಡಿರುತ್ತೀರಿ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲಿನ ಕೆಲಸವೇ ದೊಡ್ಡ ಉದ್ಯೋಗ. ಸಿಕ್ಕು ಬಿಡಿಸಿ ಅಳತೆಗೆ ಜೋಡಿಸುವ ಕೈಗಳು ಹೆಚ್ಚಾಗಿ ಹೆಂಗಸರವು. ಉಂಡೆ ಕೂದಲಿನಲ್ಲಿ ಬುಡ ತುದಿ ಬೆರೆತಿರುತ್ತದೆ. ಅದಕ್ಕೆ ಆಸಿಡ್‌ನಲ್ಲಿ ಅದ್ದಿ ಮೇಲ್ಪದರ ತೆಗೆದು, ಸಿಲಿಕೋನ್ ಲೇಪಿಸಿ ನುಣುಪು ಮಾಡುವುದುಂಟು. ಅಂಗಡಿಯಲ್ಲಿ ಅದೇ ಹೆಚ್ಚು ಮಿಂಚುತ್ತದೆ. ಕೆಲವು ಸಲ ತೊಳೆದ ಮೇಲೆ ಲೇಪ ಹೋಗಿ ಸಿಕ್ಕು ಶುರು.

ಹಾಗಾಗಿ ಕೊಳ್ಳುವ ಮುಂಚೆ ಒಂದು ಎಳೆ ಹಿಡಿದು ಬುಡದಿಂದ ತುದಿಗೆ, ಆಮೇಲೆ ತುದಿಯಿಂದ ಬುಡಕ್ಕೆ ಬೆರಳು ಎಳೆಯಿರಿ. ಒಂದು ಕಡೆ ನುಣುಪು, ವಾಪಸ್ ಬರುವಾಗ ತುಸು ಒರಟು ಅನಿಸಿದರೆ ಮೇಲ್ಪದರ ಇದೆ. ಉದುರಿದ ಒಂದು ಎಳೆ ಸುಟ್ಟು ನೋಡಲು ಬಿಟ್ಟರೆ ಇನ್ನೂ ಒಳ್ಳೆಯದು. ನಿಜವಾದದ್ದು ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ನಾನು ವಿಚಾರಿಸಿದ ಕಡೆ ಒಳ್ಳೆಯ ಟಾಪರ್ ಎಂಟು ಸಾವಿರದಿಂದ ಇಪ್ಪತ್ತು ಸಾವಿರದವರೆಗೆ ಇತ್ತು. ನಿಜವಾದ ಕೂದಲಿನ ಪೂರ್ತಿ ವಿಗ್ ಅದರ ಎರಡು ಮೂರು ಪಟ್ಟು. ಆದರೆ ವೀವ್ ಹೊಲಿಸುವ ಕೂಲಿ ಒಂದು ವರ್ಷಕ್ಕೆ ಲೆಕ್ಕ ಹಾಕಿದರೆ ಟಾಪರ್ ಅಗ್ಗ. ಬಾಳಿಕೆ ನೀರಿನ ಮೇಲೆ ನಿಂತಿದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದರೆ ಕೂದಲು ಒರಟಾಗುತ್ತದೆ, ಯಾಕೆಂದರೆ ಅದಕ್ಕೆ ತಲೆಯಿಂದ ಎಣ್ಣೆಯಂಶ ಬರುವುದಿಲ್ಲ. ನಾನು ಕೊನೆಯ ನೀರಿಗೆ ಫಿಲ್ಟರ್ ನೀರು ಬಳಸುತ್ತೇನೆ. ವಾರವಾರ ತೊಳೆಯಬೇಕಾಗಿಯೂ ಇಲ್ಲ, ಹತ್ತು ಹದಿನೈದು ಸಲ ಹಾಕಿದ ಮೇಲೆ ಒಮ್ಮೆ ಸಾಕು. ಉಜ್ಜಬೇಡಿ, ಹಿಂಡಬೇಡಿ.

ಹೂ ಮುಡಿಯಬಹುದೇ ಅಂತ ಎಲ್ಲರೂ ಕೇಳುತ್ತಾರೆ. ಮುಡಿಯಬಹುದು. ಪಿನ್ನನ್ನು ಟಾಪರ್‌ನ ಬೇಸ್‌ಗೆ ಚುಚ್ಚಬೇಡಿ, ಜಾಲರಿ ಹರಿಯುತ್ತದೆ. ಹಿಂದಿನ ನಿಮ್ಮದೇ ಜಡೆಗೆ ಸಿಕ್ಕಿಸಿ. ಮಲ್ಲಿಗೆಯನ್ನು ತೀರಾ ಒದ್ದೆಯಿದ್ದಾಗ ಮುಡಿಯದೆ ನೀರು ಒದರಿ ಮುಡಿಯಿರಿ. ಕನಕಾಂಬರದ ದಂಡೆಗೆ ಆ ತೊಂದರೆಯೂ ಇಲ್ಲ.